ಗಿಳಿ ಕಾಣದವರಿಗೂ ಕರೆಯೋಲೆ

ವಾಣಿಶ್ರೀ ಏನು ಕೆಲಸ ಮಾಡುತ್ತಾಳೆ ಎಂದು ನಮ್ಮ ಕುಕನೂರಿನಲ್ಲಿ ಯಾರನ್ನಾದರೂ ಕೇಳಿ, "ಕಂಪ್ಯೂಟರ್ ಮುಂದ ಕುಂತು ಬೈತಾಳ" ಎನ್ನುತ್ತಾರೆ. ಸುಳ್ಳಲ್ಲ. ಅವಳ ಮನೆಗೂ ನನ್ನ ಪ್ರೆಸ್ಸಿಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದರೆ ರೊಟ್ಟಿ ತಿನ್ನುವ ಹೊತ್ತಿನ ತನಕ ಆ ಗೋಡೆ ದಾಟಿ ಬೈಗುಳ ಬರುತ್ತಲೇ ಇರುತ್ತದೆ. ಬೈಸಿಕೊಳ್ಳುವುದು ಮನುಷ್ಯರಲ್ಲ, ಈಮೇಲ್‌ಗಳು.

ನಾನು ಅಂದಪ್ಪ. ಮೂವತ್ತೆಂಟು ವರ್ಷದಿಂದ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದೇನೆ. ನನ್ನ ಕೆಲಸದಲ್ಲಿ ಒಂದು ನೆಮ್ಮದಿ ಇದೆ. ಐದುನೂರು ಕಾರ್ಡು ಹಾಕಿದರೆ ಐದುನೂರೂ ಒಂದೇ. ಯಲಬುರ್ಗಾದ ಬೀಗರ ಕೈಗೆ ಕೆಂಪಗೆ ಹೋಗಿ, ಕುಷ್ಟಗಿಯ ಬೀಗರ ಕೈಗೆ ಕಪ್ಪಗೆ ಹೋಗುವುದಿಲ್ಲ. ವಾಣಿಶ್ರೀಗೆ ಆ ಭಾಗ್ಯವಿಲ್ಲ. ಅಂಗಡಿಯವರು, ಹೋಟೆಲಿನವರು ಸಾವಿರಾರು ಜನಕ್ಕೆ ಬಣ್ಣಬಣ್ಣದ ಈಮೇಲ್ ಕಳಿಸುತ್ತಾರಲ್ಲ, ಅಂಥವನ್ನು ಹುಬ್ಬಳ್ಳಿಯ ಒಂದು ಕಂಪನಿಗಾಗಿ ಮನೆಯಲ್ಲೇ ಕೂತು ವಿನ್ಯಾಸ ಮಾಡಿಕೊಡುತ್ತಾಳೆ. ಅವಳ ಲ್ಯಾಪ್‌ಟಾಪಿನಲ್ಲಿ ಮದುಮಗಳ ಹಾಗೆ ಕಾಣುವ ಮೇಲ್ ಯಾವುದೋ ಆಫೀಸಿನ ಹಳೇ ಕಂಪ್ಯೂಟರಿನಲ್ಲಿ ತೆರೆದರೆ ಕೈ ಒಂದು ಕಡೆ, ಕಾಲು ಒಂದು ಕಡೆ. ಹಿನ್ನೆಲೆ ಕಪ್ಪು ಮಾಡಿಟ್ಟುಕೊಂಡ ಮೊಬೈಲಿನಲ್ಲಿ ಕಪ್ಪು ಅಕ್ಷರ ಕಪ್ಪಿನಲ್ಲೇ ಮುಳುಗಿ ಹೋಗುತ್ತದೆ. ಮೊದಮೊದಲು ನಾನು ನಗುತ್ತಿದ್ದೆ. ಈಗ ನಗುವುದಿಲ್ಲ, ಕಾರಣ ಹೇಳುತ್ತೇನೆ.

ಪಿಯುಸಿ ಮುಗಿಸಿ ಎರಡು ವರ್ಷ ಅವಳು ನನ್ನ ಪ್ರೆಸ್ಸಿನಲ್ಲೇ ಇದ್ದಳು. ಆಗಿನ್ನೂ ರಸೀದಿ ಪುಸ್ತಕಗಳಿಗೆ ಹಳೇ ಕಾಲ್ತುಳಿ ಯಂತ್ರ ಓಡುತ್ತಿತ್ತು. ಅಚ್ಚುಮೊಳೆ ಜೋಡಿಸುವಾಗ ಅಕ್ಷರವಿಲ್ಲದ ಖಾಲಿ ಜಾಗಕ್ಕೂ ಸೀಸದ ತುಂಡು ತುಂಬಿ ಬಿಗಿಮಾಡಬೇಕು, ಇಲ್ಲದಿದ್ದರೆ ಎತ್ತಿದ ಕೂಡಲೇ ಅಕ್ಷರವೆಲ್ಲ ಉದುರುತ್ತದೆ. ಅದನ್ನು ಕಲಿಸಿದವನು ನಾನು. ಈಗ ಅವಳ ಮೇಲ್‌ಗಳನ್ನು ಬಿಚ್ಚಿ ನೋಡಿದರೆ ಒಳಗೆ ಬರೀ ಚೌಕಗಳು, ಚೌಕದೊಳಗೆ ಇನ್ನೊಂದು ಚೌಕ, ಏನೂ ಇಲ್ಲದ ಖಾಲಿ ಚೌಕ. ಹಾಗೆ ಕಟ್ಟಿದರೆ ಮಾತ್ರ ಹಳೇ ಕಂಪ್ಯೂಟರುಗಳಲ್ಲಿ ಮೇಲ್ ಚದುರುವುದಿಲ್ಲವಂತೆ.

"ನೋಡ್ರಿ ಕಾಕಾ, ಜಗತ್ತು ಎಲ್ಲಿಗೋ ಹೋಗೇತಿ, ನಾ ಇನ್ನೂ ನಿಮ್ಮ ಸೀಸದ ತುಂಡ ತುಂಬಾಕತ್ತೀನಿ" ಎಂದು ಹಲ್ಲು ಕಡಿಯುತ್ತಾಳೆ.

ನನ್ನಿಂದ ಅವಳು ಒಯ್ದದ್ದು ಇನ್ನೊಂದಿದೆ. ನಮ್ಮಲ್ಲಿ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಮನೆಯ ಹಿರಿಯರು ಬಂದು ಪ್ರೂಫನ್ನು ಗಟ್ಟಿಯಾಗಿ ಓದಬೇಕು. ಅವರು ಹೂಂ ಎನ್ನದೆ ಯಂತ್ರ ತಿರುಗುವುದಿಲ್ಲ. ವಾಣಿಶ್ರೀಯೂ ತನ್ನ ಮೇಲನ್ನು ಊರಿಗೆಲ್ಲ ಓದಿಸುತ್ತಾಳೆ. ನನ್ನ ಪ್ರೆಸ್ಸಿನ ಹದಿನೈದು ವರ್ಷದ ಕಂಪ್ಯೂಟರು, ಮಕ್ಬುಲಸಾಬನ ಮೊಬೈಲ್ ರಿಪೇರಿ ಅಂಗಡಿಯ ಡ್ರಾದಲ್ಲಿರುವ ಹಳೇ ಫೋನುಗಳು, ಕೊನೆಗೆ ಅವಳ ತಾಯಿ ಕಳಕಮ್ಮನ ಫೋನು. ಕಳಕಮ್ಮನಿಗೆ ಕಣ್ಣು ಮಂದ, ಅಕ್ಷರ ಬದನೆಕಾಯಷ್ಟು ದೊಡ್ಡದು ಮಾಡಿಟ್ಟುಕೊಂಡಿದ್ದಾಳೆ. ಎಲ್ಲ ಕಡೆ ಪಾಸಾದ ಮೇಲ್ ಆ ತಾಯಿಯ ಕೈಯಲ್ಲಿ ನಪಾಸಾದದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಹೋದ ವರ್ಷ ಕಿನ್ನಾಳದ ಹನಮೇಶನ ಕೆಲಸ ಬಂತು. ಹನಮೇಶ ಮರದ ಬೊಂಬೆ ಮಾಡುವವನು. ಅವನ ಬೊಂಬೆಗಳನ್ನು ಇಷ್ಟು ದಿನ ಮಧ್ಯದವರು ಒಯ್ದು ಮಾರುತ್ತಿದ್ದರು, ಮಾಡಿದವನ ಹೆಸರು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಸಲ ತನ್ನ ಅಂಗಳದಲ್ಲೇ ಬೊಂಬೆ ಇಟ್ಟು, ಕೊಳ್ಳುವವರನ್ನು ತಾನೇ ಕರೆಯಬೇಕು ಎಂದು ಹಟ ತೊಟ್ಟ. ನಾನೂರು ಈಮೇಲ್ ವಿಳಾಸ ಕೂಡಿಸಿ ತಂದ. ಜನ ಬರದಿದ್ದರೆ ಮತ್ತೆ ಆ ಮಧ್ಯದವರ ಬಾಗಿಲಿಗೇ ಹೋಗಬೇಕು. ಕೆಲಸವನ್ನು ಹುಬ್ಬಳ್ಳಿಯ ಕಂಪನಿಗೆ ಮುಟ್ಟಿಸಿದವಳು ವಾಣಿಶ್ರೀಯೇ.

ಈಮೇಲ್‌ನ ತುದಿಯಲ್ಲಿ ಹನಮೇಶ ಮಾಡಿದ ಹಸಿರು ಗಿಳಿ ಬೊಂಬೆಯ ಚಿತ್ರ, ಕೆಳಗೆ ತಾರೀಖು, ದಾರಿ. ಇಷ್ಟೇ. ಒಂದು ವಾರ ಹೋಯಿತು. ನನ್ನ ಕಂಪ್ಯೂಟರಿನಲ್ಲಿ ಗಿಳಿ ಎಮ್ಮೆಯಷ್ಟಾಗಿ ತಾರೀಖನ್ನು ಆಚೆ ದಬ್ಬಿತು. ಅದನ್ನು ಸರಿಮಾಡಿದರೆ ಮಕ್ಬುಲಸಾಬನ ಫೋನಿನಲ್ಲಿ ಗಿಳಿಯೇ ಇಲ್ಲ. ಆ ವಾರ ಗೋಡೆಯಾಚೆಯಿಂದ ಬಂದ ಮಾತುಗಳನ್ನು ಬರೆಯುವಂತಿಲ್ಲ.

ಕಂಪನಿಯ ಮೇಲ್ವಿಚಾರಕಿ ಭವಾನಿ ಫೋನು ಮಾಡಿದಳು. ವಾಣಿಶ್ರೀ ನನ್ನ ಪ್ರೆಸ್ಸಿನಲ್ಲೇ ಇದ್ದಳು, ಮಾತೆಲ್ಲ ಕೇಳಿಸುತ್ತಿತ್ತು.

"ಎಲ್ಲಾ ಕೂಡಿಸಿ ಒಂದ ಚಿತ್ರ ಮಾಡಿ ಹಾಕಿಬಿಡು. ಚಿತ್ರ ಒಡಿಯಂಗಿಲ್ಲ. ನೂರಕ್ಕ ತೊಂಬತ್ತು ಮಂದಿಗೆ ಕಂಡ್ರ ಸಾಕು."

ನನಗೆ ಅದೇ ಸರಿ ಎನಿಸಿತು. ಈಗ ಲಗ್ನಪತ್ರಿಕೆಯನ್ನೂ ಎಲ್ಲರೂ ಫೋಟೋ ಹೊಡೆದೇ ಕಳಿಸುತ್ತಾರಲ್ಲ. ನಾನೂ ಬಾಯಿ ಹಾಕಿದೆ. "ಹೌದವಾ, ಕಾರ್ಡಿನಂಗ ಒಂದು ಚಿತ್ರ ಮಾಡು, ಮುಗೀತು."

ವಾಣಿಶ್ರೀ ನನ್ನನ್ನು ಕೆಕ್ಕರಿಸಿ ನೋಡಿದಳು. ಅದನ್ನೂ ಪರೀಕ್ಷೆ ಮಾಡಿಯೇ ಬಿಡೋಣವೆಂದು ಅಲ್ಲೇ ಕೂತು ಎಲ್ಲವನ್ನೂ ಒಂದು ಚಿತ್ರ ಮಾಡಿ ಹನಮೇಶನಿಗೆ ಮೇಲ್ ಕಳಿಸಿದಳು. ಹತ್ತು ನಿಮಿಷಕ್ಕೆ ಅವನ ಫೋನು ಬಂತು.

"ತಂಗೀ, ಖಾಲಿ ಡಬ್ಬಿ ಬಂದೈತಿ. ಏನೂ ಬರದಿಲ್ಲಲ್ಲ? ನನ್ನ ಹೆಸರು ಎಲ್ಲೈತಿ?"

ಅವನ ಫೋನಿನಲ್ಲಿ ಚಿತ್ರ ತೆರೆದಿರಲಿಲ್ಲ. ತನ್ನ ಕರೆಯೋಲೆಯನ್ನು ಕರೆಯುವವನೇ ಓದಲಾರದೆ ಹೋದ. ಮೂವತ್ತೆಂಟು ವರ್ಷ ಪ್ರೂಫ್ ಓದಿಸಿದ ನನಗೆ ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ.

ವಾಣಿಶ್ರೀ ಭವಾನಿಗೆ ತಿರುಗಿ ಫೋನು ಹಚ್ಚಿದಳು. "ಮೇಡಂ, ನಾ ಚಿತ್ರ ಕಳಸಂಗಿಲ್ರಿ. ನೂರು ಮನಿಯೊಳಗ ಹತ್ತು ಮನಿ ಬಿಟ್ಟು ಯಾರರ ಲಗ್ನಕ್ಕ ಕರೀತಾರೇನ್ರಿ? ಆ ಹತ್ತು ಮನಿ ಯಾವುವು ಅಂತ ನಿಮಗ ಗೊತ್ತೈತೇನು?"

ಭವಾನಿ ಹೇಳಿದಳು. "ಹಂಗಾರ ನಿನ್ನ ಹಟದಂಗ ಮಾಡು. ಸೋಮವಾರ ಹತ್ತಕ್ಕ ಹೋಗಬೇಕು. ಆದ್ರ ಕೇಳು, ಸರಿ ಕಾಣಲಿಲ್ಲ ಅಂತ ಒಬ್ಬರು ಬರದ್ರೂ ಮುಂದಿನ ತಿಂಗಳಿಂದ ನಿನಗ ಇಲ್ಲಿ ಕೆಲಸಿಲ್ಲ."

"ಆತ್ರಿ" ಎಂದಳು. ಒಂದಕ್ಷರ ಹೆಚ್ಚಿಲ್ಲ.

ಶನಿವಾರ, ಭಾನುವಾರ ಮತ್ತೆ ಚೌಕ ಕಟ್ಟಿದಳು. ತಾರೀಖು, ದಾರಿ, ಹನಮೇಶನ ಹೆಸರು ಎಲ್ಲವೂ ಅಕ್ಷರದಲ್ಲಿ. ಚಿತ್ರವೆಂದರೆ ಗಿಳಿಯೊಂದೇ. ಚಿತ್ರ ತೆರೆಯದ ಕಡೆ ಅದರ ಜಾಗದಲ್ಲಿ ಒಂದು ಸಾಲು ಕಾಣುವಂತೆ ಬರೆದಿಡಬಹುದಂತೆ, ಬಹಳ ಜನ ಅದನ್ನು ಖಾಲಿ ಬಿಡುತ್ತಾರಂತೆ. ಅಲ್ಲಿ ಏನು ಬರೆಯಲಿ ಎಂದು ನನ್ನನ್ನು ಕೇಳಿದಳು. ಲಗ್ನಪತ್ರಿಕೆಯ ಕೊನೆಗೆ ನಾನು ಯಾವಾಗಲೂ ಹಾಕುವ ಸಾಲನ್ನು ಹೇಳಿದೆ: ಖುದ್ದಾಗಿ ಬಂದು ಕರೆಯಲು ಆಗಲಿಲ್ಲ, ಇದನ್ನೇ ನಮ್ಮ ಕರೆಯೆಂದು ತಿಳಿದು ಬರಬೇಕು. ಅವಳು ಅದನ್ನು ತನಗೆ ಬೇಕಾದ ಹಾಗೆ ತಿರುಗಿಸಿದಳು: "ಇಲ್ಲೊಂದು ಹಸಿರು ಗಿಳಿ ಕೂತಿದೆ. ನಿಮ್ಮ ಕಂಪ್ಯೂಟರಿಗೆ ಕಾಣದಿದ್ದರೆ ಇದನ್ನೇ ಹನಮೇಶನ ಕರೆಯೆಂದು ತಿಳಿದು, ಕಿನ್ನಾಳಕ್ಕೆ ಬಂದು ನೋಡಿ."

ಕಳಕಮ್ಮ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು. "ಎಲ್ಲಾ ಐತಿ. ಕಳಸು."

ಸೋಮವಾರ ಹತ್ತಕ್ಕೆ ಹೋಯಿತು. ಮಂಗಳವಾರ ಮಧ್ಯಾಹ್ನ ಗಂಗಾವತಿ ಕಡೆಯ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ ರೇಣುಕಾ ಎಂಬುವವರ ಉತ್ತರ ಬಂತು. "ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಗಿಳಿ ಕಾಣಲಿಲ್ಲ. ಉಳಿದದ್ದೆಲ್ಲ ಕಂಡಿತು. ಕಾಣದ ಗಿಳಿಯನ್ನು ನೋಡಲೇಬೇಕೆಂದು ಮಕ್ಕಳು ಹಟ ಹಿಡಿದಿದ್ದಾರೆ. ನಲವತ್ತು ಜನ ಬರುತ್ತೇವೆ. ಈ ವರ್ಷದ ಬಹುಮಾನಕ್ಕೆ ಬೊಂಬೆಗಳನ್ನೇ ಕೊಳ್ಳುವ ವಿಚಾರವಿದೆ."

ನಾನು ಕುಣಿಯುವುದೊಂದು ಬಾಕಿ. ಆಮೇಲೆ ಭವಾನಿಯ ಮಾತು ನೆನಪಾಯಿತು. ಸರಿ ಕಾಣಲಿಲ್ಲ ಎಂದು ಬರೆದ ಒಬ್ಬರು ಇವರೇ ಆದರಲ್ಲ!

"ವಾಣೀ, ಇದನ್ನ ಆಕಿಗೆ ತೋರಸಬ್ಯಾಡ. ಹನಮೇಶಗಷ್ಟ ಹೇಳು."

"ಯಾಕ ಮುಚ್ಚಿಡಲಿ ಕಾಕಾ? ನಾ ಏನು ಕಳವು ಮಾಡೀನೇನು?" ಎಂದವಳೇ ಆ ಉತ್ತರವನ್ನು ನೆಟ್ಟಗೆ ಭವಾನಿಗೆ ಕಳಿಸಿದಳು. ಮೇಲೊಂದು ಸಾಲು: ಒಬ್ಬರಿಗೆ ಗಿಳಿ ಕಂಡಿಲ್ಲ, ನಲವತ್ತು ಮಂದಿ ಬರುತ್ತಿದ್ದಾರೆ, ನನ್ನ ಕೆಲಸದ ಬಗ್ಗೆ ನೀವೇ ತೀರ್ಮಾನ ಮಾಡಿ.

ಸಂಜೆಯವರೆಗೂ ಭವಾನಿಯಿಂದ ಮಾತಿಲ್ಲ. ನನಗೆ ಚಹಾ ಸೇರಲಿಲ್ಲ. ವಾಣಿಶ್ರೀ ಮಾತ್ರ ಗೋಡೆಯಾಚೆ ಮತ್ತೆ ಬೈಯಲು ಶುರು ಮಾಡಿದ್ದಳು. ಯಾರನ್ನು ಎಂದು ನೋಡಲು ಹೋದೆ. ಬೈಸಿಕೊಳ್ಳುತ್ತಿದ್ದದ್ದು ಗಿಳಿ ತೋರಿಸದ ಆ ಶಾಲೆಯ ಕಂಪ್ಯೂಟರು; ಅವಳು ರೇಣುಕಾ ಮೇಡಮ್ಮಿಗೆ ಉತ್ತರ ಬರೆಯುತ್ತಿದ್ದಳು. ಬೆನ್ನ ಹಿಂದೆ ನಿಂತು ಓದಿದೆ.

"ಖಂಡಿತ ಬನ್ನಿ, ಹನಮೇಶ ಅಂಗಳ ಸಾರಿಸಿ ಕಾಯುತ್ತಿರುತ್ತಾನೆ. ಬರುವಾಗ ನಿಮ್ಮ ಶಾಲೆಯ ಕಂಪ್ಯೂಟರು ಯಾವ ವರ್ಷದ್ದು, ಅದರಲ್ಲಿ ಮೇಲ್ ಯಾವುದರಲ್ಲಿ ತೆರೆಯುತ್ತೀರಿ ಎಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಮುಂದಿನ ಸಲ ನಿಮಗೂ ಗಿಳಿ ಕಾಣುತ್ತದೆ."