ಮಗುಚಿಟ್ಟ ಲೋಟ

ನಮ್ಮ ದೊಡ್ಡಮ್ಮ ಮದುವೆಯಾಗಿ ಬಂದಾಗ ಊರಿಗೆಲ್ಲ ಒಂದೇ ಸೈರನ್. ನೂಲಿನ ಮಿಲ್ಲಿನಲ್ಲಿ ಅದು ಕೂಗಿದರೆ ಇಡೀ ಬೀದಿ ಏಳುತ್ತಿತ್ತು, ಮತ್ತೆ ಕೂಗಿದರೆ ಇಡೀ ಬೀದಿ ಊಟಕ್ಕೆ ಕೂರುತ್ತಿತ್ತು. ಅವಳೂ ದೊಡ್ಡಪ್ಪನೂ ಅಲ್ಲೇ ದುಡಿದವರು. ಮಿಲ್ಲು ಮುಚ್ಚಿದ ಮೇಲೆ ಅವಳು ಪಾರ್ಸೆಲ್ ಗೋದಾಮಿಗೆ ಸೇರಿದಳು, ದೊಡ್ಡಪ್ಪ ಆಸ್ಪತ್ರೆಯ ಕಾವಲಿಗೆ. ಯಾವ ದಿನ ಯಾವ ಪಾಳಿ ಎಂಬುದು ಫೋನಿಗೆ ಬರುತ್ತಿತ್ತು. ಒಬ್ಬೊಬ್ಬರ ಜೇಬಿನಲ್ಲೂ ಒಂದೊಂದು ಸೈರನ್.

ಇಬ್ಬರೂ ಸಿಗುತ್ತಿದ್ದುದು ಹೊಸ್ತಿಲಲ್ಲಿ ಮಾತ್ರ.

“ಏನೇ, ನಿನ್ನ ಮುಖಾನೇ ಮರೆತುಹೋಗಿತ್ತು.”

“ಮರೀರಿ, ಹೊಸ ಹೆಂಡತಿ ಸಿಕ್ಕ ಹಾಗಾಯ್ತಲ್ಲ!”

ಓದು ನಿಲ್ಲಿಸಿದ ಮೇಲೆ ನಾನು ಅವರ ಮನೆಯಲ್ಲೇ ಇದ್ದೆ. ಅಲ್ಲಿ ಎರಡು ನಿಯಮ. ಮಲಗಿದವರನ್ನು ಎಬ್ಬಿಸಬಾರದು. ಬಂದವರು ಉಂಡು ಮಲಗುವ ಮುಂಚೆ ತಮ್ಮ ಲೋಟ ತೊಳೆದು ಒಲೆಯ ಪಕ್ಕ ಮಗುಚಿಡಬೇಕು. ಲೋಟ ಮಗುಚಿದ್ದರೆ ಎಲ್ಲ ಸರಿಯಿದೆ ಎಂದು ಅರ್ಥ.

ಒಂದು ಬುಧವಾರ ಬೆಳಿಗ್ಗೆ ದೊಡ್ಡಮ್ಮ ಪಾಳಿ ಮುಗಿಸಿ ನಗುತ್ತಾ ಬಂದಳು. ಹನ್ನೊಂದು ತಿಂಗಳ ನಂತರ, ಬರುವ ಭಾನುವಾರ ಇಬ್ಬರಿಗೂ ರಜೆ! ಆದರೆ ಆ ಬುಧವಾರದ ಮಧ್ಯಾಹ್ನವೇ ಇನ್ನೊಂದು ಪಾಳಿಗೆ ಅವಳು ಆಗಲೇ ಒಪ್ಪಿಕೊಂಡಿದ್ದಳು. ರಾತ್ರಿ ಪಾಳಿ ಮುಗಿಸಿ ಬಂದಿದ್ದ ದೊಡ್ಡಪ್ಪನ ಲೋಟ ಮಗುಚಿಟ್ಟಿತ್ತು. ಅವರು ಗೋಡೆಯ ಕಡೆ ತಿರುಗಿ ಮಲಗಿದ್ದರು. ಸುದ್ದಿ ಹೇಳಲು ಬಾಗಿಲ ತನಕ ಹೋಗಿ ನಿಂತಳು.

“ಬೇಡ, ಪಾಪ. ಬಂದ ಮೇಲೆ ಹೇಳ್ತೀನಿ,” ಎಂದು ಪಿಸುಗುಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ಹೊರಟಳು. ನಾನೂ ಸದ್ದು ಮಾಡದೆ ನೆಲ ಒರೆಸಿದೆ.

ಸಂಜೆ ದೀಪ ಹಾಕಲು ಒಳಗೆ ಹೋದೆ. ಅವರ ಕೈ ತಣ್ಣಗಿತ್ತು. ಎದೆನೋವು ಮಲಗಿದ ಮೇಲೆ ಶುರುವಾಗಿರಬೇಕು, ಮಧ್ಯಾಹ್ನದವರೆಗೂ ಜೀವ ಇದ್ದಿರಬಹುದು ಎಂದರು ಡಾಕ್ಟರು.

ಗೋದಾಮಿನ ಮೇಲ್ವಿಚಾರಕ ಮನೆಗೆ ಬಂದು ತಲೆತಗ್ಗಿಸಿ ಕೂತ. “ಆ ಪಾಳಿ ನೀವೇ ಒಪ್ಕೊಂಡಿದ್ದಲ್ವಾ ಅಕ್ಕಾ?” ಎಂದ. ಅವನು ಸುಳ್ಳು ಹೇಳಲಿಲ್ಲ. ಫೋನಿನಲ್ಲಿ ‘ಆಯ್ಕೆ ನಿಮ್ಮದು’ ಎಂದೇ ಇತ್ತು. ಮಿಲ್ಲಿನ ಕಾಲದಲ್ಲಾಗಿದ್ದರೆ ಬೈಯುವುದಕ್ಕೆ ಮಾಲೀಕನಾದರೂ ಇರುತ್ತಿದ್ದ. ಈಗ ಬೈಯಲು ದೊಡ್ಡಮ್ಮನಿಗೆ ತಾನೊಬ್ಬಳೇ ಉಳಿದಿದ್ದಳು.

ಭಾನುವಾರ ಬಂತು. ಒಲೆಯ ಪಕ್ಕದ ಆ ಲೋಟವನ್ನು ಯಾರೂ ಮುಟ್ಟಿರಲಿಲ್ಲ. ದೊಡ್ಡಮ್ಮ ಅದನ್ನು ಎತ್ತಿ ನೆಟ್ಟಗೆ ಇಟ್ಟಳು.

“ಎಲ್ಲಾ ಸರಿಯಿದೆ ಅಂದಿದ್ರಲ್ಲ,” ಎಂದಳು.

ಆಮೇಲೆ ಕೋಣೆಯ ಬಾಗಿಲಿಗೆ ಹೋಗಿ, ಆ ಮನೆಯಲ್ಲಿ ನಾನು ಎಂದೂ ಕೇಳಿರದಷ್ಟು ಗಟ್ಟಿ ದನಿಯಲ್ಲಿ ಕೂಗಿದಳು:

“ಏಳ್ರೀ! ಇವತ್ತು ಇಬ್ರಿಗೂ ರಜೆ!”