ನಿದ್ದೆ ಹೋದ ಮಗುವಿನ ಭಾರ

ಅಗ್ನಿಶಾಮಕ ಠಾಣೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ಫೋನಕ್ಕ ಎಂದು. ಹತ್ತು ವರ್ಷದಿಂದ ಫೋನಿನ ಮುಂದೆ ಕೂತವಳನ್ನು ಇನ್ನೇನೆಂದು ಕರೆದಾರು? ಕರೆ ಬಂದರೆ ಎತ್ತಬೇಕು, ಎಲ್ಲಿ, ಏನು, ಒಳಗೆ ಯಾರಾದರೂ ಇದ್ದಾರಾ ಎಂದು ಕೇಳಿ ಬರೆದುಕೊಳ್ಳಬೇಕು, ಗಂಟೆ ಒತ್ತಬೇಕು. ಉಳಿದವರು ಬೂಟಿಗೆ ಕಾಲು ತೂರಿಸಿಕೊಂಡು ಓಡಿ ವಾಹನ ಹತ್ತುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ "ಹೋಗ್ಬನ್ನಿ" ಎನ್ನಬೇಕು. ಈ ಕೊನೆಯದನ್ನು ಯಾರೂ ಹೇಳಿಕೊಟ್ಟಿದ್ದಲ್ಲ. ಹಾಗೆನ್ನದೆ ಕಳಿಸಲು ಆಕೆಗೆ ಮನಸ್ಸು ಬಾರದು, ಅಷ್ಟೇ.

ಹಾಗೆಂದು ಫೋನಿಗಾಗಿಯೇ ಹುಟ್ಟಿದವಳಲ್ಲ ಈಕೆ. ಮೊದಲು ಎರಡು ವರ್ಷ ಅದೇ ವಾಹನದ ಹಿಂದಿನ ಸೀಟಿನಲ್ಲಿ ಹೆಲ್ಮೆಟ್ಟು ತೊಟ್ಟು ಹೋಗುತ್ತಿದ್ದವಳು. ದೊಡ್ಡ ಮಗಳು ಹೊಟ್ಟೆಯಲ್ಲಿದ್ದಾಗ ಫೋನಿಗೆ ಬಂದಳು, ಚಿಕ್ಕವಳು ಹುಟ್ಟಿದ ಮೇಲೆ ಅಲ್ಲೇ ಉಳಿದಳು. ವಾಹನಕ್ಕೆ ಮರಳಬೇಕಾದರೆ ಮೂವತ್ತೆಂಟು ತುಂಬುವುದರೊಳಗೆ ಪರೀಕ್ಷೆ ಪಾಸಾಗಬೇಕು. ಈಗ ಮೂವತ್ತೇಳೂವರೆ. ಪರೀಕ್ಷೆಗೆ ಎರಡು ತಿಂಗಳು. ಈ ಸಲ ಕೈ ತಪ್ಪಿದರೆ ನಿವೃತ್ತಿಯವರೆಗೂ ಫೋನೇ ಗತಿ.

ಪರೀಕ್ಷೆಯೇನೋ ಕೇಳಲು ಸುಲಭ. ನೀರಿನ ಪೈಪಿನ ದಪ್ಪ ಸುರುಳಿಯೊಂದನ್ನು ಹೊತ್ತು ಠಾಣೆಯ ಹಿಂದಿನ ಕಟ್ಟಡದ ಮೂರನೇ ಮಹಡಿ ಹತ್ತಬೇಕು. ಅಲ್ಲಿಂದ ಅಳಿಯನನ್ನು ಹೊತ್ತು ಕೆಳಗಿಳಿಯಬೇಕು. ನಾಲ್ಕು ನಿಮಿಷದೊಳಗೆ. ಅಳಿಯ ಎಂದರೆ ಮರಳು ತುಂಬಿದ ನಲವತ್ತು ಕಿಲೋ ಬೊಂಬೆ. ಕೆಲಸ ಮಾಡುವುದಿಲ್ಲ, ಮಾತಾಡುವುದಿಲ್ಲ, ಹೋದಲ್ಲೆಲ್ಲ ಬೇರೆಯವರೇ ಹೊತ್ತುಕೊಂಡು ಹೋಗಬೇಕು. ಹಾಗಾಗಿ ಠಾಣೆಯವರು ಮರ್ಯಾದೆಯಿಂದ ಇಟ್ಟ ಹೆಸರು ಅದು.

ಶಕ್ತಿ ಬೇಕೆಂದರೆ ವ್ಯಾಯಾಮ ಮಾಡಬೇಕು. ದಿನಕ್ಕೆ ಒಂದು ಗಂಟೆ ನಿಮಗಾಗಿ ಎತ್ತಿಡಿ ಎಂದು ಪತ್ರಿಕೆಗಳಲ್ಲಿ ಬರೆಯುವ ಮಹನೀಯರಿಗೆ ಮಕ್ಕಳಿಲ್ಲ ಎಂದೇ ನನ್ನ ಗುಮಾನಿ. ಇದ್ದರೂ ಅವರನ್ನು ಬೇರೆ ಯಾರೋ ಸಾಕುತ್ತಿರಬೇಕು. ಫೋನಕ್ಕನ ಗಂಡ ಬ್ರೆಡ್ ಬೇಯಿಸುವವನು, ಬೆಳಗಿನ ಜಾವವೇ ಬೇಕರಿಗೆ ಹೊರಟುಬಿಡುತ್ತಾನೆ. ಅವನ ಹಿಂದೆಯೇ ಎದ್ದು, ನಡುಮನೆಯಲ್ಲಿ ಚಾಪೆ ಹಾಸಿ, ಈಕೆ ಕೈಕಾಲು ಎತ್ತಿದ್ದು ಮೂರೇ ದಿನ. ಮೊದಲ ದಿನ ಚಿಕ್ಕವಳು ಕಣ್ಣುಜ್ಜಿಕೊಂಡು ಬಂದು ಚಾಪೆಯ ಅರ್ಧ ಆಕ್ರಮಿಸಿಕೊಂಡಳು. ಎರಡನೇ ದಿನ ಪೂರ್ತಿ. ಮೂರನೇ ದಿನ ದೊಡ್ಡವಳ ಒಂದು ಸಾಕ್ಸ್ ಕಾಣೆಯಾಗಿತ್ತು.

ನಾಲ್ಕನೇ ದಿನ ಶಾಲೆಗೆ ತಡವಾಗಿತ್ತು. ಇವರ ಮನೆಯೂ ಮೂರನೇ ಮಹಡಿ, ಲಿಫ್ಟಿಲ್ಲ. ಚಿಕ್ಕವಳು ಮೆಟ್ಟಿಲ ಮೇಲೆ ಕೂತು ಶೂ ಲೇಸಿನ ಜತೆ ಜಗಳಕ್ಕೆ ಬಿದ್ದಿದ್ದಳು. ಅಮ್ಮ ಅವಳನ್ನು ಉಪ್ಪುಮೂಟೆ ಹೊತ್ತು ದಡದಡ ಇಳಿದಳು. ಗೇಟಿನ ಹತ್ತಿರ ನಿಂತಾಗ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ತೊಡೆ ನಡುಗುತ್ತಿತ್ತು. ಅಯ್ಯೋ, ಇದೇ ಅಲ್ಲವೇ ವ್ಯಾಯಾಮ! ಅಂಗೈಯಲ್ಲೇ ಇದ್ದದ್ದನ್ನು ಚಾಪೆ ಮೇಲೆ ಹುಡುಕಿದ್ದಳಲ್ಲ ಎಂದು ಆಕೆಗೆ ನಗು ಬಂತು.

ಅಂದಿನಿಂದ ಚಿಕ್ಕವಳ ಹೆಸರು ಮೂಟೆ ಎಂದಾಯಿತು. ಪೈಪಿನ ಸುರುಳಿಯ ತೂಕವೂ ಮೂಟೆಯ ತೂಕವೂ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಒಂದು ಸಲ ಇಳಿಯುವುದು, ಸಂಜೆ ಎರಡು ಸಲ ಹತ್ತುವುದು. ಆರು ವಾರ ಹೀಗೇ. ತಿಂಗಳು ಕಳೆದ ಮೇಲೆ ದೊಡ್ಡವಳ ಸರದಿಯೂ ಬಂತು. ಬರೀ ದೊಡ್ಡವಳು ಅಳಿಯನಿಗಿಂತ ಹಗುರ, ಆದರೆ ಶಾಲೆಯ ಬ್ಯಾಗು ಸೇರಿದರೆ ಅಳಿಯನಿಗೆ ಸರಿಸಮ. ಬೇಕರಿಯಿಂದ ಗಂಡ ತಂದುಕೊಟ್ಟ ಹಳೆಯ ಟೈಮರ್ ಹಿಡಿದು ಮೂಟೆ ಕೆಳಗಿನಿಂದ ಕೂಗುತ್ತಿದ್ದಳು, "ಬೇಗಮ್ಮಾ, ಬ್ರೆಡ್ ಸೀದೋಗತ್ತೆ!"

ಎರಡನೇ ಮಹಡಿಯ ಅಜ್ಜಿ ಬಾಗಿಲು ತೆಗೆದು ಬೆರಗಾಗಿ ನೋಡಿದರು. "ಏನಮ್ಮಾ, ಹತ್ತು ವರ್ಷದ ಹುಡುಗೀನ ಹೊತ್ಕೊಂಡು ಓಡಾಡ್ತೀಯ? ಅವಳಿಗೆ ಕಾಲಿಲ್ವಾ?"

"ಕಾಲಿದೆ ಅಜ್ಜಿ, ನನಗೆ ಬೇಕಾಗಿರೋದು ಅವಳ ಭಾರ."

"ಭಾರಾನ ಯಾರಾದ್ರೂ ಕೇಳಿ ಇಸ್ಕೋತಾರಾ! ನಿಮ್ಮ ಮನೇಲಿ ಎಲ್ಲಾ ಉಲ್ಟಾ," ಎಂದು ಅಜ್ಜಿ ಬಾಗಿಲು ಹಾಕಿಕೊಂಡರು. ಮರುದಿನದಿಂದ ಅದೇ ಹೊತ್ತಿಗೆ ಬಾಗಿಲು ತೆಗೆದು, ಸ್ಟೂಲ್ ಹಾಕಿಕೊಂಡು ಕೂರತೊಡಗಿದರು.

ಪರೀಕ್ಷೆಗೆ ಎರಡು ವಾರ ಇರುವಾಗ ಠಾಣಾಧಿಕಾರಿ, "ಒಂದ್ಸಲ ಅಭ್ಯಾಸ ಮಾಡಿ ನೋಡಮ್ಮ," ಎಂದರು. ಸುರುಳಿ ಹೊತ್ತು ಆಕೆ ಹತ್ತಿದ ಪರಿ ನೋಡಿ ಕೆಳಗಿದ್ದವರು ಸೀಟಿ ಹೊಡೆದರು. ಮೇಲೆ ಅಳಿಯನನ್ನು ಬೆನ್ನಿಗೇರಿಸಿಕೊಂಡು ಐದು ಮೆಟ್ಟಿಲು ಇಳಿದಿರಬೇಕು, ಅಳಿಯ ಬೆನ್ನಿನಿಂದ ಜಾರಿದ. ಎತ್ತಿಕೊಂಡಳು, ಮತ್ತೆ ಜಾರಿದ. ಮೂರನೇ ಸಲ ದೊಪ್ಪೆಂದು ಬಿದ್ದು ಮೆಟ್ಟಿಲುದ್ದಕ್ಕೂ ಉರುಳಿಕೊಂಡು ಆಕೆಗಿಂತ ಮೊದಲೇ ನೆಲ ಮುಟ್ಟಿದ.

"ಅಳಿಯ ಮುನಿಸ್ಕೊಂಡ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ಫೋನಿನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಕಣ್ಣು ತುಂಬಿತು. ಆರು ವಾರ ಬೆನ್ನು ಮುರಿದುಕೊಂಡಿದ್ದು ಎಲ್ಲಿ ಹೋಯಿತು? ಭಾರ ಅಷ್ಟೇ ಇದೆ, ಮೆಟ್ಟಿಲೂ ಅಷ್ಟೇ ಇದೆ. ತಪ್ಪಿದ್ದೆಲ್ಲಿ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಮರುದಿನ ಸಂಜೆ ಬಸ್ಸಿನಲ್ಲಿ ಮನೆಗೆ ಬರುವಾಗ ಮೂಟೆ ನಿದ್ದೆ ಹೋದಳು. ಅವಳನ್ನು ಹಾಗೇ ಬೆನ್ನಿಗೆ ಹಾಕಿಕೊಂಡು ಅಮ್ಮ ಮೆಟ್ಟಿಲು ಹತ್ತಿದಳು. ಮೊದಲ ಮಹಡಿ ದಾಟುವಷ್ಟರಲ್ಲಿ ಸೋತುಹೋದಳು. ದಿನಾ ಹೊರುವ ಅದೇ ಮಗು, ಇವತ್ತು ಕಲ್ಲಿನಷ್ಟು ಭಾರ. ಕತ್ತು ಬಳಸಿದ್ದ ಕೈಗಳು ಸಡಿಲಾಗಿ ಮಗು ಪಕ್ಕಕ್ಕೆ ಜಾರಿತು. ತಾಯಂದಿರ ಮೈಗೆ ತಂತಾನೇ ಗೊತ್ತಿರುವಂತೆ ಆಕೆ ಬಗ್ಗಿ, ಮಗುವನ್ನು ಹೆಗಲ ಮೇಲೆ ಅಡ್ಡಲಾಗಿ ಎಳೆದುಕೊಂಡು, ಮೊಣಕಾಲಿನ ಸಂದಿಗೆ ಕೈ ಕೊಟ್ಟು, ಭಾರವನ್ನೆಲ್ಲ ಬೆನ್ನ ನಡುವಿಗೆ ತಂದುಕೊಂಡಳು. ಹಾಗೇ ನಿಂತುಬಿಟ್ಟಳು.

"ಅಯ್ಯೋ ನನ್ನ ಪೆದ್ದುತನವೇ!" ಎಂದಳು ಜೋರಾಗಿ.

ಆರು ವಾರ ಆಕೆ ಹೊತ್ತದ್ದು ಎಚ್ಚರವಿದ್ದ ಮಕ್ಕಳನ್ನು. ಅಮ್ಮನ ಕತ್ತು ಬಿಗಿಯಾಗಿ ಹಿಡಿದುಕೊಂಡು, ತಮ್ಮ ಭಾರದಲ್ಲಿ ಅರ್ಧವನ್ನು ತಾವೇ ಹೊತ್ತುಕೊಂಡಿದ್ದ ಮಕ್ಕಳನ್ನು. ಅಳಿಯ ಯಾರನ್ನೂ ಹಿಡಿದುಕೊಳ್ಳುವುದಿಲ್ಲ. ಹೊಗೆ ಕುಡಿದು ಬಿದ್ದವರೂ ಹಿಡಿದುಕೊಳ್ಳುವುದಿಲ್ಲ. ನಿದ್ದೆ ಹೋದ ಮಕ್ಕಳನ್ನು ಹತ್ತು ವರ್ಷ ಬಸ್ಸಿನಿಂದ ಹಾಸಿಗೆಗೆ ಸಾಗಿಸಿದ ತನಗೆ ಇದು ಹೊಳೆಯಲಿಲ್ಲವಲ್ಲ!

ಉಳಿದ ಎರಡು ವಾರ ಮನೆಯಲ್ಲಿ ನಿದ್ದೆಯ ಆಟ. ದೊಡ್ಡವಳು ಬ್ಯಾಗು ಸಮೇತ ಕೈಕಾಲು ಜೋತುಬಿಟ್ಟು ಬಿದ್ದರೆ ನಿಜಕ್ಕೂ ಭಯವಾಗಬೇಕು, ಹಾಗೆ ನಟಿಸುತ್ತಿದ್ದಳು. ಮೂಟೆಯದೇ ತಾಪತ್ರಯ. ಹೆಗಲಿಗೇರಿದ ಕೂಡಲೇ ಕಿಸಿಕಿಸಿ ನಗು.

"ಪ್ರಜ್ಞೆ ತಪ್ಪಿರೋರು ನಗಲ್ಲ ಕಣೇ," ಎಂದು ಗದರಿದರೆ, "ನಾನು ಕನಸಲ್ಲಿ ನಗ್ತಿದ್ದೀನಿ," ಎಂಬ ಉತ್ತರ. ಎರಡನೇ ಮಹಡಿಯ ಅಜ್ಜಿ ಸ್ಟೂಲಿನ ಮೇಲಿಂದಲೇ, "ಕೈ ಇನ್ನೂ ಒಳಗೆ ಕೊಡಮ್ಮ, ಕೈ!" ಎಂದು ಪಾಠ ಹೇಳತೊಡಗಿದರು.

ಪರೀಕ್ಷೆಯ ದಿನ ಸುರುಳಿ ಹೊತ್ತು ಹತ್ತಿದ್ದು ಆಕೆಗೆ ಲೆಕ್ಕಕ್ಕೇ ಇಲ್ಲ. ಮೇಲೆ ಅಳಿಯನ ಪಕ್ಕ ಮಂಡಿಯೂರಿ, ಹೆಗಲಿಗೆ ಅಡ್ಡಲಾಗಿ ಎಳೆದುಕೊಂಡು, ಮೊಣಕಾಲಿನ ಸಂದಿಗೆ ಕೈ ಕೊಟ್ಟು ಎದ್ದಳು. ಮೊದಲ ತಿರುವು, ಎರಡನೇ ತಿರುವು. ತೊಡೆ ಉರಿಯುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಕೊನೆಯ ಮಹಡಿಯಲ್ಲಿ ಕಾಲು ಒಮ್ಮೆ ತಡವರಿಸಿತು. ಅಳಿಯ ಅಲುಗಲಿಲ್ಲ. ಗೆರೆ ದಾಟಿದಾಗ ಠಾಣಾಧಿಕಾರಿ ಗಡಿಯಾರ ನಿಲ್ಲಿಸಿದರು. ಮೂರು ನಿಮಿಷ ಐವತ್ತೊಂದು ಸೆಕೆಂಡು.

"ಪಾಸಮ್ಮ," ಎಂದರು ಅವರು. "ಅದ್ಸರಿ, ಮೆಟ್ಟಿಲ ಮೇಲೆ ಯಾರ ಜತೆ ಮಾತಾಡ್ತಿದ್ದೆ?"

ಆಕೆಗೆ ನಾಚಿಕೆಯಾಯಿತು. ಇಳಿಯುವಾಗ ಉದ್ದಕ್ಕೂ ಅಳಿಯನಿಗೆ, "ಆಯ್ತು ಕಂದ, ಇನ್ನೊಂದೇ ಮಹಡಿ, ಮಲ್ಕೋ," ಎನ್ನುತ್ತಲೇ ಬಂದಿದ್ದಳು. ಈ ಸಲ ಯಾರೂ ನಗಲಿಲ್ಲ.

ಮುಂದಿನ ಸೋಮವಾರ ಹೊಸ ಬೂಟು ತೊಟ್ಟು ಮನೆಯ ಬಾಗಿಲಲ್ಲಿ ಎಂದಿನಂತೆ ಬೆನ್ನು ಬಗ್ಗಿಸಿದಳು. ಮೂಟೆ ಹತ್ತಲಿಲ್ಲ.

"ಬೇಡಮ್ಮ, ನಾನು ನಡೀತೀನಿ. ಇವತ್ತು ನೀನು ಬೇರೆಯವರನ್ನ ಹೊರಬೇಕಲ್ವಾ?"

ಅಕ್ಕನ ಕೈ ಹಿಡಿದು ಮೆಟ್ಟಿಲು ಪೂರ್ತಿ ನಡೆದೇ ಇಳಿದಳು. ಶಾಲೆಯ ಗೇಟಿನಲ್ಲಿ ಒಂದು ಸಲ ತಿರುಗಿ ಕೈಬೀಸಿದಳು.

"ಹೋಗ್ಬಾಮ್ಮ."

ಹತ್ತು ವರ್ಷ ಠಾಣೆಯವರನ್ನೆಲ್ಲ ಹಾಗೆಂದು ಕಳಿಸಿದವಳಿಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ.

"ಬರ್ತೀನಿ ಕಂದ," ಎಂದಳು.