ನಿಧಾನಣ್ಣನ ರಕ್ತಸಂಬಂಧ

ನಮ್ಮ ಆಸ್ಪತ್ರೆಯಲ್ಲಿ ಎಲ್ಲರೊಂದಿಗೂ ರಕ್ತಸಂಬಂಧ ಇದ್ದವನು ಒಬ್ಬನೇ, ನಿಧಾನಣ್ಣ. ವಾರ್ಡಿನಲ್ಲಿ ತೆಗೆದ ರಕ್ತದ ಟ್ಯೂಬುಗಳನ್ನು ಲ್ಯಾಬಿಗೆ ತಲುಪಿಸುವುದು ಮೂವತ್ತು ವರ್ಷಗಳಿಂದ ಅವನ ಕೆಲಸ. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಟ್ಯೂಬುಗಳನ್ನು ಮರದ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ, ನಿದ್ದೆ ಹೋದ ಕೂಸನ್ನು ಒಯ್ಯುವವನಂತೆ ಎದೆಗೆ ಹಿಡಿದು, ಗೋಡೆ ಬದಿಗೆ ನಡೆಯುತ್ತಿದ್ದ. ಲಿಫ್ಟು ಹತ್ತುತ್ತಿರಲಿಲ್ಲ, "ಅದು ಕುಲುಕುತ್ತೆ" ಅನ್ನುತ್ತಿದ್ದ. ಊರುಗೋಲಿನ ರೋಗಿಗಳು ಅವನನ್ನು ಹಿಂದೆ ಹಾಕಿ, ತಾವು ಗುಣವಾದೆವೆಂದು ಖುಷಿಪಡುತ್ತಿದ್ದರು. ಚಿಕಿತ್ಸೆಯಲ್ಲಿ ಅವನ ಕೊಡುಗೆ ಅಷ್ಟಾದರೂ ಇತ್ತು.

ಇಂಥಲ್ಲಿಗೆ ಆಡಳಿತಾಧಿಕಾರಿಯಾಗಿ ಬಂದವರು ಅರ್ಜೆಂಟ್ ಸಾಹೇಬರು. ಅವರ ಮೇಜಿನ ಮೇಲಿನ ಕಾಗದಗಳೆಲ್ಲ 'ತುರ್ತು'. ಯಾವುದನ್ನು ಮೊದಲು ನೋಡಬೇಕೆಂದು ತಿಳಿಯದೆ ಎಲ್ಲವೂ ಅಲ್ಲೇ ಬಿದ್ದಿರುತ್ತಿದ್ದವು. ಅವರು ತರಿಸಿದ್ದು ಗಾಳಿ ಪೈಪು. ಟ್ಯೂಬನ್ನು ಡಬ್ಬಿಯಲ್ಲಿಟ್ಟು ಗುಂಡಿ ಒತ್ತಿದರೆ ಸಾಕು, ಸುಂಯ್ ಎಂದು ಗೋಡೆಯೊಳಗೆ ಹಾರಿ ಲ್ಯಾಬಿನಲ್ಲಿ ಧಡ್ ಎಂದು ಬೀಳುತ್ತದೆ. ರಿಬ್ಬನ್ ಕತ್ತರಿಸಿದ ದಿನವೇ ನಿಧಾನಣ್ಣನ ಕೈಗೆ ಮೆಮೊ ಬಂತು: ಒಂದನೇ ತಾರೀಖಿನಿಂದ ನೆಲಮಾಳಿಗೆಯ ಲಾಂಡ್ರಿಗೆ.

ಲಾಂಡ್ರಿಯೆಂದರೆ ಒದ್ದೆ ಬೆಡ್‌ಶೀಟುಗಳ ಗಂಟು ಎತ್ತುವ ಕೆಲಸ. ಐವತ್ತೆಂಟರ ನಿಧಾನಣ್ಣನಿಗೆ ಸೊಂಟ ಆಗಲೇ ಒಮ್ಮೆ ಕೈಕೊಟ್ಟಿತ್ತು.

"ಮೊದಲನೇ ದಿನವೇ ಮಲಗಿಬಿಡ್ತೀರಿ. ಹೋಗಿ ಸಾಹೇಬರ ಹತ್ರ ಮಾತಾಡ್ರೀ," ಎಂದಳು ಹೆಂಡತಿ.

"ಮಾತಾಡೋಣ ಕಣೇ. ಇನ್ನೂ ಮೂರು ವಾರ ಇದೆ."

"ಅಲ್ಲಿಗೆ ನಡೆದು ಹೋಗೋಕೇ ನಿಮಗೆ ಅಷ್ಟು ಬೇಕು. ಈಗಲೇ ಹೊರಡಿ!"

ಅದೇ ಹೊತ್ತಿಗೆ ಲ್ಯಾಬಿನ ಡಾಕ್ಟರಮ್ಮ ಒಂದು ಸಂಶೋಧನೆ ಶುರು ಮಾಡಿದ್ದರು. ನಮ್ಮ ಜೀವಕೋಶಗಳು ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ರಕ್ತಕ್ಕೆ ಬಿಡುತ್ತವಂತೆ. ರಕ್ತನಾಳ ನೊಂದಾಗ ಕೆಲವು ಬಗೆಯ ಗುಳ್ಳೆಗಳು ಹೆಚ್ಚುತ್ತವಂತೆ. ಅವನ್ನು ಎಣಿಸಿ, ಎದೆನೋವು ಬರುವ ಮೊದಲೇ ಹೃದಯದ ಅಪಾಯ ತಿಳಿಯಬಹುದೇ ಎಂಬುದು ಅವರ ಪ್ರಶ್ನೆ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಬೇಕಿತ್ತು. ಸಿಬ್ಬಂದಿಯೆಲ್ಲ ತಂತಮ್ಮ ವಿಭಾಗದಲ್ಲೇ ತೋಳು ಚಾಚಿದರು. ಟ್ಯೂಬುಗಳು ಪೈಪಿನಲ್ಲಿ ಹಾರಿದವು.

ಗುಳ್ಳೆ ಎದ್ದದ್ದು ರಕ್ತದಲ್ಲಿ, ಗುಲ್ಲು ಎದ್ದದ್ದು ಆಸ್ಪತ್ರೆಯಲ್ಲಿ. ಫಲಿತಾಂಶದ ಪ್ರಕಾರ ನಮ್ಮಲ್ಲಿ ಬಹುತೇಕರು ಹೃದ್ರೋಗದ ಹೊಸ್ತಿಲಲ್ಲಿ ನಿಂತವರು. ಎಲ್ಲರಿಗಿಂತ ಹೆಚ್ಚು ಗುಳ್ಳೆ ಸಾಹೇಬರಿಗೆ. ಪದವಿಗೆ ತಕ್ಕ ಹಾಗೆ. ಅವರು ಸಕ್ಕರೆ ಬಿಟ್ಟರು, ಉಪ್ಪು ಬಿಟ್ಟರು, ಕೊನೆಗೆ ಕೂಗಾಡುವುದನ್ನೂ ಬಿಟ್ಟರು. ಈ ಫಲಿತಾಂಶ ಮೊದಲೇ ಬರಬಾರದಿತ್ತೇ ಎಂದು ಸಿಬ್ಬಂದಿ ಮರುಗಿದರು.

ಡಾಕ್ಟರಮ್ಮನಿಗೆ ಮಾತ್ರ ಅನುಮಾನ. ಲ್ಯಾಬಿನ ಅಕ್ಕಪಕ್ಕದವರೆಲ್ಲ ಗಟ್ಟಿಮುಟ್ಟು. ದೂರ ಹೋದಷ್ಟೂ ಜನ ಸಾವಿಗೆ ಹತ್ತಿರ. ಸಾಹೇಬರ ಕಚೇರಿಯಿಂದ ಬರುವ ಪೈಪಿಗೆ ಏಳು ತಿರುವು. ಆದರೆ ಅದಕ್ಕಿಂತಲೂ ದೂರದ ಕ್ಯಾಂಟೀನಿನ ಅಡುಗೆಯವನ ರಕ್ತ ಮಾತ್ರ ಸರಿಯಾಗಿತ್ತು. ಅವನೋ, ಕರಿದದ್ದನ್ನೆಲ್ಲ ಬಡಿಸುವ ಮೊದಲು ತಾನೇ ಪರೀಕ್ಷಿಸುವ ಪ್ರಾಮಾಣಿಕ.

"ನಿನ್ನ ಟ್ಯೂಬು ತಂದವರು ಯಾರಪ್ಪಾ?"

"ಅವತ್ತು ಪೈಪು ಕಟ್ಕೊಂಡಿತ್ತಲ್ಲ ಮೇಡಂ, ನಿಧಾನಣ್ಣ ಹಿಡ್ಕೊಂಡು ಬಂದ. ನಾನು ಎರಡು ಸಲ ಟೀ ಕುಡಿದೆ, ಅವನಿನ್ನೂ ವರಾಂಡದಲ್ಲೇ ಇದ್ದ."

ಗುಟ್ಟು ಬಯಲಾಯಿತು. ಪೈಪಿನ ಕುಲುಕಾಟಕ್ಕೆ ಟ್ಯೂಬಿನೊಳಗಿನ ಪ್ಲೇಟ್‌ಲೆಟ್‌ಗಳೇ ಹೊಸ ಗುಳ್ಳೆಗಳನ್ನು ಬಿಡುತ್ತಿದ್ದವು. ರೋಗ ಇದ್ದದ್ದು ಗೋಡೆಯೊಳಗೆ.

"ಸರ್, ಇನ್ನೊಮ್ಮೆ ರಕ್ತ ಕೊಡಿ, ನಿಧಾನಣ್ಣನೇ ತರಲಿ," ಎಂದರು ಡಾಕ್ಟರಮ್ಮ. "ಗಂಟೆಯೊಳಗೆ ಬಂದ್ರೆ ಸಾಕು, ಕುಲುಕಬಾರದು ಅಷ್ಟೆ."

ನಿಧಾನಣ್ಣ ಸ್ಟ್ಯಾಂಡು ಹಿಡಿದು ಹೊರಟ. ಸಾಹೇಬರು ಕೂತಲ್ಲಿ ಕೂರಲಾಗದೆ, ತೋಳಿನ ಹತ್ತಿ ಒತ್ತಿಕೊಂಡು ಹಿಂದೆಯೇ ಬಂದರು.

"ಸ್ವಲ್ಪ ಬೇಗ..."

"ಬೇಗ ಬೇಕಾದ್ರೆ ಪೈಪಿದೆಯಲ್ಲ ಸಾರ್."

"ಬೇಡ ಬೇಡ! ನಿನ್ನಿಷ್ಟ ಕಣಪ್ಪ."

ವರಾಂಡದ ತಿರುವಿನಲ್ಲಿ ನಿಧಾನಣ್ಣ ನಿಂತೇಬಿಟ್ಟ.

"ಈಗ ಯಾಕೆ ನಿಂತೆ?"

"ಸ್ಟ್ರೆಚರ್ ಬರ್ತಿದೆ, ಹೋಗ್ಲಿ. ಅವರಿಗೆ ಅರ್ಜೆಂಟು. ಅಂದಹಾಗೆ ಸಾರ್, ಒಂದನೇ ತಾರೀಖಿಂದ ನಾನು ಲಾಂಡ್ರಿಗೆ. ಮುಂದಿನ ಸಲ ನಿಮ್ಮ ರಕ್ತ..."

ಮಾತನ್ನೂ ಅವನು ನಿಧಾನವಾಗಿಯೇ ಆಡುತ್ತಿದ್ದ. ಸಾಹೇಬರು ಅದು ಮುಗಿಯುವವರೆಗೆ ಕಾಯಲಿಲ್ಲ.

"ಯಾವ ಲಾಂಡ್ರಿ? ಯಾರು ಹೇಳಿದ್ದು ನಿಂಗೆ?"

"ನೀವೇ ಸಾರ್. ಸಹಿ ಇದೆ."

ಸಾಹೇಬರು ಕೂಗಾಡಲು ಬಾಯಿ ತೆರೆದು, ಅವನ ಎದೆಗಾನಿಸಿದ್ದ ಟ್ಯೂಬನ್ನು ನೋಡಿ, "ನೀನೆಲ್ಲೂ ಹೋಗಬೇಡ ಕಣಪ್ಪ, ಇದೇ ಕೆಲಸದಲ್ಲಿರು," ಎಂದರು.

ಈ ಸಲ ಗುಳ್ಳೆಗಳು ಮಾಮೂಲಿಯಷ್ಟೇ ಇದ್ದವು. ಮಾರನೆಯ ದಿನ ಸಾಹೇಬರು ಟೀಗೆ ಮೂರು ಚಮಚ ಸಕ್ಕರೆ ಹಾಕಿಸಿಕೊಂಡು, ಹತ್ತು ಗಂಟೆಯೊಳಗೆ ನಾಲ್ವರ ಮೇಲೆ ಕೂಗಾಡಿದರು. ಆದರೂ ಆಡಿದ ಮಾತಿಗೆ ತಪ್ಪಲಿಲ್ಲ. ಮೆಮೊ ರದ್ದು, ಸಂಶೋಧನೆಯ ರಕ್ತವನ್ನು ನಿಧಾನಣ್ಣನೇ ತರತಕ್ಕದ್ದು ಎಂದು ಆದೇಶ ಹೊರಡಿಸಿ, 'ಅತಿ ತುರ್ತು' ಎಂದು ಬರೆಸಿ, ಗಾಳಿ ಪೈಪಿನಲ್ಲಿ ಕಳಿಸಿದರು. ಅದು ನಾಲ್ಕನೇ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು.

ಒಂದನೇ ತಾರೀಖು ಲಾಂಡ್ರಿಯ ಮೇಲ್ವಿಚಾರಕ ಸ್ಟ್ಯಾಂಡು ಹಿಡಿದು ಹೋಗುತ್ತಿದ್ದ ನಿಧಾನಣ್ಣನನ್ನು ತಡೆದು, "ಯಾಕಯ್ಯಾ ಕೆಳಗೆ ಬರ್ಲಿಲ್ಲ?" ಎಂದ.

"ಆರ್ಡರು ದಾರೀಲಿದೆಯಂತೆ," ಎಂದ ನಿಧಾನಣ್ಣ, ಟ್ಯೂಬುಗಳಿಂದ ಕಣ್ಣು ತೆಗೆಯದೆ. "ನಿಧಾನಕ್ಕೆ ಬರ್ಲಿ ಬಿಡಿ."